ತೊಗರಿ ಹೊಟ್ಟಿನ ಮೇಲೆ ನಿಂತ ಮೋಟಾರು

ಮೋಟಾರಿನ ಎಣ್ಣೆ ಸೋರುತ್ತಿದೆ ಎಂದ ಕೂಡಲೇ ಹನಿ ಬಿದ್ದ ಜಾಗದ ಬೋಲ್ಟನ್ನು ಹಿಡಿದು ಬಿಗಿಯುವವನಿದ್ದಾನಲ್ಲ, ಅವನ ಕೈಯಿಂದ ಮೊದಲು ಪಾನಾ ಕಸಿದುಕೊಳ್ಳಬೇಕು. ಈ ಮಾತನ್ನು ನಾನು ಜೀವಮಾನವಿಡೀ ಹೇಳಿದ್ದೇನೆ, ಕೇಳಿದವರು ಕಡಿಮೆ. ಎಣ್ಣೆ ಎಲ್ಲೋ ಮೇಲೆ ಹೊರಗೆ ಬರುತ್ತದೆ, ಕೆಳಗೆ ಇಳಿಯುತ್ತದೆ, ಓಡುವ ಗಾಡಿಯ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ಕೊನೆಗೆ ಸಂಬಂಧವೇ ಇಲ್ಲದ ಒಂದು ಬೋಲ್ಟಿನ ತುದಿಯಲ್ಲಿ ನೇತಾಡುತ್ತದೆ. ಜನ ಆ ಬಡಪಾಯಿ ಬೋಲ್ಟನ್ನು ತಿರುವುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾನು ಕೆಲಸ ಕಲಿತ ಮೋಟಾರಿನಲ್ಲಿ ಆ ಬರೆ ಎಮ್ಮೆಗಲ್ಲ, ಒಬ್ಬ ಮನುಷ್ಯನಿಗೆ ಬಿತ್ತು. ಎಳೆಯುವುದರಲ್ಲಿ ನನ್ನ ಕೈಯೂ ಇತ್ತು.

ನಿಜಾಮರ ಕಾಲ. ಹೊರಗೆ ದೊಡ್ಡ ಲಡಾಯಿ ನಡೆದಿತ್ತು. ನಾರಾಯಣಖೇಡದಲ್ಲಿ ಒಬ್ಬ ತೊಗರಿ ಸಾಹುಕಾರನಿದ್ದ. ಅವನನ್ನು ಏಕವಚನದಲ್ಲೇ ಬರೆಯುತ್ತೇನೆ. ಬಹುವಚನವನ್ನು ಅವನ ಮುಖದ ಮುಂದೆ ಬೇಕಾದಷ್ಟು ಕೊಟ್ಟಿದ್ದೇನೆ. ನಮ್ಮವನೇ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಬೀದರ ಕಡೆಯ ಯಾರೋ ಜಾಗೀರದಾರ ಓಡಿಸಿ ಓಡಿಸಿ ಸವೆಸಿ ಬಿಟ್ಟ ಅಮೇರಿಕದ ಮೋಟಾರೊಂದನ್ನು ಕೊಂಡು ತಂದಿದ್ದ. ಅದನ್ನು ಓಡಿಸಲು, ರಿಪೇರಿ ಮಾಡಲು ಉಸ್ತಾದರಿದ್ದರು. ನಾನು ಕಂಗ್ಟಿ ಕಡೆಯ ಹಳ್ಳಿಯವನು, ಇಪ್ಪತ್ತೆರಡರ ಗಂಡಸು, ಮದುವೆಯಾಗಿತ್ತು. ಗಾಡಿ ತೊಳೆಯುವುದು, ಹ್ಯಾಂಡಲ್ ಹೊಡೆದು ಎಂಜಿನ್ ಚಾಲೂ ಮಾಡುವುದು, ಎಣ್ಣೆ ನೀರು ಹಾಕುವುದು ನನ್ನ ಕೆಲಸ. ಉಳಿದದ್ದನ್ನೆಲ್ಲ ಉಸ್ತಾದರು ಕಲಿಸಿದರು. ಏನನ್ನೂ ಬಚ್ಚಿಡುತ್ತಿರಲಿಲ್ಲ. ಎಂಜಿನ್ನಿಗೆ ಕಿವಿ ಇಟ್ಟು, "ಕೇಳು ಬೇಟಾ, ಎಡಕ್ಕಿನ ವಾಲ್ವ್ ಕೆಮ್ಮಲತ್ತದ," ಅನ್ನುತ್ತಿದ್ದರು. ಬಿಚ್ಚಿದರೆ ಅದೇ ಆಗಿರುತ್ತಿತ್ತು.

ಆ ಎಂಜಿನ್ನಿನ ಪಕ್ಕದಲ್ಲಿ ಎಣ್ಣೆ ಹೊಯ್ಯುವ ಒಂದು ದಪ್ಪ ಕೊಳವೆ. ಅದರ ಮುಚ್ಚಳ ಒಮ್ಮೆ ಜಹೀರಾಬಾದಿನ ದಾರಿಯಲ್ಲಿ ಎಲ್ಲೋ ಹಾರಿಹೋಯಿತು. ಲಡಾಯಿಯ ಕಾಲದಲ್ಲಿ ಅಮೇರಿಕದ ಮುಚ್ಚಳ ಎಲ್ಲಿಂದ ತರುವುದು? ಉಸ್ತಾದರು ತಮ್ಮ ಹಳೆಯ ರುಮಾಲಿನಿಂದ ತೆಳ್ಳನೆಯ ತುಂಡು ಹರಿದು ಆ ಬಾಯಿಗೆ ಸಡಿಲವಾಗಿ ಸುತ್ತಿದರು. ಹಾಗೇ ಗಾಡಿ ಓಡುತ್ತಿತ್ತು.

ಸಾಹುಕಾರನ ತಾಯಿ ಪ್ರತಿ ಸೋಮವಾರ ಮೋಟಾರಿಗೆ ವಿಭೂತಿ ಹಚ್ಚಲು ಬರುತ್ತಿದ್ದರು. ಊರೆಲ್ಲ ಅವರನ್ನು ಆಯಿ ಅನ್ನುತ್ತಿತ್ತು. ಮಡಿವಂತ ಹೆಂಗಸು. ನಮ್ಮ ಮನೆಗಳಲ್ಲಿ ಬಾಯಿ ತೆರೆದ ಪಾತ್ರೆ ಇಡುವುದಿಲ್ಲ. ನೀರು ಅರಿವೆಯಲ್ಲಿ ಸೋಸಿಯೇ ಕುಡಿಯಬೇಕು, ತುಪ್ಪದ ಗಡಿಗೆಗೆ ಅರಿವೆ, ಉಪ್ಪಿನಕಾಯಿ ಭರಣಿಗೆ ಎರಡೆರಡು ಮಡಿಕೆ. ಆಯಿ ಆ ಸೋಮವಾರ ರುಮಾಲಿನ ತುಂಡನ್ನು ನೋಡಿ ಮುಖ ಸಿಂಡರಿಸಿದರು.

"ಇದೇನೋ ಇದು, ಜಾಳಜಾಳ ಅರಿಬಿ? ದಾರಿ ಧೂಳೆಲ್ಲ ಹೊಟ್ಯಾಗ ಹೋಗ್ತದ. ಉಪ್ಪಿನಕಾಯಿ ಭರಣಿಗಿ ಯಾರರೆ ಹಿಂಗ ಕಟ್ತಾರೇನು?"

"ಉಸ್ತಾದ್ ಕಟ್ಯಾರ್ರಿ ಆಯಿ," ಎಂದೆ.

"ಗಂಡಸರಿಗಿ ಏನ್ ತಿಳೀತದ ಇದು? ನಾ ಕೊಡ್ತೀನಿ, ನೀ ಕಟ್ಟು. ಅವನಿಗಿ ಹೇಳಬ್ಯಾಡ, ಬಿಚ್ಚಿ ಒಗೀತಾನ."

ಹಳೆಯ ಕೌದಿಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ಸುತ್ತ ಹೊಲಿದು ತಂದುಕೊಟ್ಟರು. ನಾನು ಅದನ್ನು ಕೊಳವೆಯ ಬಾಯಿಗೆ ಎಳೆದು, ಹುರಿಯಿಂದ ಮೂರು ಸುತ್ತು ಬಿಗಿದು, ಮೇಲೆ ಉಸ್ತಾದರ ತೆಳು ತುಂಡನ್ನೇ ಸುತ್ತಿದೆ. ಎಣ್ಣೆ ಹಾಕುವವನು ನಾನೇ. ಹಾಕುವಾಗ ಬಿಚ್ಚುತ್ತಿದ್ದೆ, ಆಮೇಲೆ ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತಿದ್ದೆ. ಉಸ್ತಾದರಿಗೆ ಹೊಳೆಯದ್ದು ನನಗೂ ಆಯಿಗೂ ಹೊಳೆಯಿತೆಂದು ಒಳಗೊಳಗೇ ಬೀಗುತ್ತಿದ್ದೆ.

ತಿಂಗಳೊಪ್ಪತ್ತಿನಲ್ಲಿ ಎಣ್ಣೆ ಕಡಿಮೆಯಾಗತೊಡಗಿತು. ಮೊದಲು ಜಹೀರಾಬಾದಿಗೆ ನಾಲ್ಕು ಸಲ ಹೋಗಿ ಬಂದರೂ ಎಣ್ಣೆ ಅಳೆಯುವ ಕಡ್ಡಿ ಗೆರೆಯ ಹತ್ತಿರವೇ ಇರುತ್ತಿತ್ತು. ಈಗ ಒಂದೇ ಸಲಕ್ಕೆ ಕಡ್ಡಿಯ ತುದಿಯಷ್ಟೇ ತೋಯ್ದು ಬರುತ್ತಿತ್ತು. ಎಣ್ಣೆಯೋ, ಬಂಗಾರಕ್ಕಿಂತ ಹೆಚ್ಚು. ಅರ್ಜಿ ಕೊಟ್ಟು, ಯಾರ್‍ಯಾರದೋ ಕಾಲು ಹಿಡಿದು ಒಂದು ಡಬ್ಬಿ ತರಬೇಕು. ಉಸ್ತಾದರು ಗಾಡಿಯ ಕೆಳಗೆ ಮಲಗಿ ಮಲಗಿ ಹುಡುಕಿದರು. ಎಲ್ಲ ಕಡೆ ಜಿಡ್ಡು, ಎಲ್ಲ ಕಡೆ ಧೂಳು, ಎಲ್ಲಿಂದ ಬರುತ್ತದೆಂದು ತಿಳಿಯಲಿಲ್ಲ. ಕೆಳಗೆ ಹನಿ ಬಿದ್ದ ಗುರುತಾದರೂ ಇರಬೇಕಲ್ಲ? ಇರಲಿಲ್ಲ. ಯಾಕೆಂದರೆ ಮೋಟಾರು ನಿಲ್ಲುತ್ತಿದ್ದದ್ದು ಸಾಹುಕಾರನ ತೊಗರಿ ಹೊಟ್ಟಿನ ಕೊಟ್ಟಿಗೆಯಲ್ಲಿ. ಕಲ್ಲು ಹಾಸಿನ ಮೇಲೆ ನಿಂತರೆ ಟೈರು ಸೀಳುತ್ತವೆಂದು ಗೇಣುದ್ದ ಹೊಟ್ಟು ಹರವಿಸಿದ್ದ. ಎಷ್ಟು ಸೋರಿದರೂ ಹೊಟ್ಟು ಕುಡಿಯುತ್ತಿತ್ತು. ವಾರಕ್ಕೊಮ್ಮೆ ಹೆಣ್ಣಾಳುಗಳು ಅದನ್ನು ಬಳಿದು ಒಲೆಗೆ ಒಯ್ಯುತ್ತಿದ್ದರು. "ಈಟ ದಿನ ಹೊಗಿ ಹೊಗಿ ಅಂತಿತ್ತು, ಈಗ ಹೊಟ್ಟು ಭಾಳ ಛಲೋ ಉರೀಲತ್ತದವ್ವಾ," ಎಂದು ಅವರು ತಮ್ಮೊಳಗೆ ಹೇಳಿಕೊಂಡದ್ದನ್ನು ನಾನೇ ಕೇಳಿದ್ದೆ. ಕೇಳಿ ನಕ್ಕಿದ್ದೆ. ನನ್ನಂಥ ದಡ್ಡ ಆ ತಾಲೂಕಿನಲ್ಲೇ ಇರಲಿಕ್ಕಿಲ್ಲ.

"ಎರಡು ದಿನ ಗಾಡಿ ಕಲ್ಲಿನ ಮ್ಯಾಲ ನಿಂದರಸೋಣ್ರಿ, ಎಲ್ಲಿ ಸೋರ್‍ತದ ನೋಡ್ತೀನಿ," ಎಂದು ಉಸ್ತಾದರು ಕೇಳಿದರು. ಬಿಸಿಲಿಗೆ ಬಣ್ಣ ಹೋಗುತ್ತದೆಂದು ಸಾಹುಕಾರ ಒಪ್ಪಲಿಲ್ಲ. ಬಣ್ಣವಂತೆ! ಮನುಷ್ಯನ ಮಾನ ಹೋದರೆ ನಡೆಯುತ್ತದೆ, ಮೋಟಾರಿನ ಬಣ್ಣ ಹೋಗಬಾರದು.

ಸಂತೆಯ ದಿನ. ಅಂಗಡಿಯ ಮುಂದೆ ಸುತ್ತ ಹಳ್ಳಿಗಳ ಜನ, ದಲಾಲರು, ಗಾಡಿಯವರು. ಸಾಹುಕಾರ ಬೇಕೆಂದೇ ಅವತ್ತು ಉಸ್ತಾದರನ್ನು ಕರೆದು ಎಲ್ಲರ ಮುಂದೆ ನಿಲ್ಲಿಸಿಕೊಂಡ.

"ಎಣ್ಣಿ ಎಲ್ಲಿ ಹೋಗ್ಲತ್ತದ?"

"ಎಂಜಿನ್ನಿಂದ ಹೊರಗ ಹೋಗ್ಲತ್ತದ್ರಿ. ಜಾಗಾ ಇನ್ನಾ ಸಿಕ್ಕಿಲ್ಲ."

"ಹೊರಗ ಹೋಗ್ಲತ್ತದ, ಖರೇನೇ. ನಿನ್ನ ಮನಿಗಿ ಹೋಗ್ಲತ್ತದ."

ಜನ ನಕ್ಕರು. ಉಸ್ತಾದರ ಮುಖ ಕೆಂಪಾಯಿತು. "ನಾ ಚೋರ ಅಲ್ಲರಿ ಸಾವ್ಕಾರ್ರ," ಎಂದರು. ಸಾಹುಕಾರ ನನ್ನ ಕಡೆ ತಿರುಗಿದ.

"ನೀ ಹೇಳೋ. ಇಂವ ಎಣ್ಣಿ ಡಬ್ಬಿ ಮನಿಗಿ ಒಯ್ಯೋದು ನೋಡಿಯೋ ಇಲ್ಲೋ?"

ನೋಡಿದ್ದೆ. ಖಾಲಿ ಡಬ್ಬಿ. ಅವರ ಹೆಂಡತಿಗೆ ಜೋಳದ ಹಿಟ್ಟು ತುಂಬಿಡಲು ಬೇಕಾಗಿತ್ತು. ಮೊದಲು ಚಿಮಣಿ ಎಣ್ಣೆಯಿಂದ, ಆಮೇಲೆ ಬೂದಿಯಿಂದ ತಿಕ್ಕಿ ತೊಳೆದು ಕೊಟ್ಟವನೇ ನಾನು.

"ನೋಡೀನ್ರಿ," ಎಂದೆ.

ಅಷ್ಟೇ. ಡಬ್ಬಿ ಖಾಲಿ ಇತ್ತು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಉಸ್ತಾದರು ನನ್ನ ಮುಖವನ್ನೇ ನೋಡುತ್ತ, ನಾನು ಮಾತು ಮುಗಿಸುತ್ತೇನೆಂದು ಕಾದರು. ನಾನು ನೆಲ ನೋಡಿದೆ. ಹೆದರಿಕೆಯಿತ್ತು ಎಂದು ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ಸುಳ್ಳಾದೀತು. ಹೆದರಿಕೆಗಿಂತ ಹೆಚ್ಚಾಗಿ ನನ್ನ ಕಣ್ಣ ಮುಂದೆ ಆ ಮೋಟಾರಿನ ಸ್ಟೇರಿಂಗ್ ಇತ್ತು. ಇವರು ಹೋದರೆ ಅದು ನನ್ನದು. ಆ ಆಸೆಬುರುಕನನ್ನು ಇವತ್ತು ಕಂಡರೆ ಕಪಾಳಕ್ಕೆ ಬಾರಿಸುತ್ತಿದ್ದೆ.

ಉಸ್ತಾದರು ಸಾಹುಕಾರ ಹೊಲಿಸಿಕೊಟ್ಟಿದ್ದ ಖಾಕಿ ಕೋಟನ್ನು ಬಿಚ್ಚಿ ಅಂಗಡಿಯ ಕಟ್ಟೆಯ ಮೇಲಿಟ್ಟು ಹೋದರು. ಎಣ್ಣೆ ಕಳ್ಳ ಎಂಬ ಹೆಸರು ಅವರಿಗಿಂತ ಮೊದಲೇ ಜಹೀರಾಬಾದ್ ಮುಟ್ಟಿತು. ಆ ಕಡೆ ಯಾರೂ ಅವರ ಕೈಗೆ ಮೋಟಾರು ಕೊಡಲಿಲ್ಲ. ಗಂಡ ಹೆಂಡತಿ ತಾಂಡೂರಿಗೆ ಹೋದರೆಂದು ಸುದ್ದಿ ಬಂತು.

ನನಗೆ ಸ್ಟೇರಿಂಗ್ ಸಿಕ್ಕಿತು. ಹದಿನೈದು ದಿನ ಹಾರನ್ ಹೊಡೆದದ್ದೇ ಹೊಡೆದದ್ದು, ಎಮ್ಮೆ ಅಡ್ಡ ಬರದಿದ್ದರೂ ಹೊಡೆಯುತ್ತಿದ್ದೆ. ಅಷ್ಟರಲ್ಲಿ ಕಡ್ಡಿ ಮತ್ತೆ ಒಣಗಿ ಮೇಲೆ ಬಂತು. ನಾನು ಗಾಡಿಯ ಕೆಳಗೆ ಹೊಕ್ಕು ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿ, ನಾವು ಚೇಂಬರ್ ಅನ್ನುತ್ತೇವೆ, ಅದರ ಬೋಲ್ಟುಗಳನ್ನೆಲ್ಲ ಮೈಮೇಲೆ ದೇವರು ಬಂದವನ ಹಾಗೆ ಬಿಗಿದೆ. ತಗಡಿನ ಅಂಚು ಬಾಗಿ ಸೋರುವುದು ಹೆಚ್ಚೇ ಆಯಿತು. ಸಾಹುಕಾರ ಕರೆಸಿದ.

"ಅಂವ ಒಯ್ದ, ಈಗ ನೀ ಒಯ್ಲತ್ತೀ. ಹೋದಂವಗ ಉಸ್ತಾದ ಅಂತಿದ್ದಿ, ಛಲೋ ಕಲಿಸ್ಯಾನ."

"ನಾ ಕಳ್ಳ ಅಲ್ಲರಿ!" ಎಂದು ಕೂಗಿದೆ. ಕೂಗಿದ ಮೇಲೆ ಆ ಮಾತು ಎಲ್ಲಿ ಕೇಳಿದ್ದೆನೆಂದು ನೆನಪಾಗಿ ಮೈ ಉರಿಯಿತು.

"ಮುಂದಿನ ಸಂತಿಯೊಳಗ ಎಣ್ಣಿ ಎಲ್ಲಿ ಹೋಗ್ತದ ತೋರಸು. ಇಲ್ಲಾಂದ್ರ ನೀನೂ ಹೋಗು."

ಅವತ್ತು ಅವನ ಅಪ್ಪಣೆ ಕೇಳದೆ ಮೋಟಾರನ್ನು ತಳ್ಳಿಸಿಕೊಂಡು ಕಲ್ಲು ಹಾಸಿದ ಅಂಗಳಕ್ಕೆ ತಂದೆ. ಬಣ್ಣ ಸುಟ್ಟರೆ ಸುಡಲಿ, ಥೂ! ಚಿಮಣಿ ಎಣ್ಣೆ ತಂದು, ತೆಂಗಿನ ನಾರಿನ ಕುಂಚದಿಂದ ಎಂಜಿನ್ನಿನ ಒಂದೊಂದು ಸಂದಿಯನ್ನೂ ತಿಕ್ಕಿ ತೊಳೆದೆ. ವರ್ಷಗಳ ಜಿಡ್ಡು ಹಪ್ಪಳಿಕೆ ಹಪ್ಪಳಿಕೆಯಾಗಿ ಬಿತ್ತು. ಒರೆಸಿ, ಒಣಗಿಸಿ, ಮೇಲೆ ನುಣುಪಾದ ಬಿಳಿ ಪುಡಿ ಉದುರಿಸಬೇಕು. ಒಣ ಪುಡಿ ಎಲ್ಲಿ ಮೊದಲು ತೋಯುತ್ತದೋ ಅಲ್ಲಿ ಸೋರಿಕೆ. ಇದನ್ನು ಹೇಳಿಕೊಟ್ಟವರೂ ಉಸ್ತಾದರೇ. ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಿದರೆ ಹೊಟ್ಟಿನ ಧೂಳೆದ್ದು ಪುಡಿಯನ್ನೇ ಮುಚ್ಚುವುದರಿಂದ ಅವರಿಗೆ ಮಾಡಿ ನೋಡಲು ಆಗಿರಲಿಲ್ಲ. ಕೈಗೆ ಸಿಕ್ಕ ಪುಡಿ ವಿಭೂತಿ. ಎರಡು ಗಟ್ಟಿ ಕುಟ್ಟಿ, ಅರಿವೆಯಲ್ಲಿ ಕಟ್ಟಿ ಎಂಜಿನ್ನಿನ ಮೇಲೆಲ್ಲ ಝಾಡಿಸಿದೆ.

ಆಯಿ ಓಡಿ ಬಂದರು. "ಅಯ್ಯ ಶಿವನ! ಇಬತ್ತಿ ಈ ಹೊಲಸಿನ ಮ್ಯಾಲ ಹಾಕ್ತೀಯೇನೋ ಮೂಳಾ?"

"ಸೋಮವಾರ ನೀವು ಹಚ್ಚಲ್ಲೇನ್ರಿ? ನಾ ಜರಾ ಜಾಸ್ತಿ ಹಚ್ಚೀನಿ," ಎಂದೆ. ಆಯಿಯ ಜೊತೆ ಹಾಗೆ ಮಾತಾಡಿದ್ದು ಅದೇ ಮೊದಲು.

ಎಂಜಿನ್ ಚಾಲೂ ಮಾಡಿದೆ. ಮೇಲಿನ ಕವರಿನ ಅಂಚಿನಲ್ಲಿ ಪುಡಿ ಕಪ್ಪಾಯಿತು. ಬಿಚ್ಚಿದೆ, ಸಂದಿ ಮುಚ್ಚಲು ಕೊಟ್ಟಿದ್ದ ಹಳೆಯ ಪ್ಯಾಕಿಂಗ್ ಒಣ ರೊಟ್ಟಿಯಂತೆ ಮುರಿಯಿತು. ದಪ್ಪ ರಟ್ಟನ್ನು ಕವರಿನ ಅಂಚಿಗಿಟ್ಟು ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು ಬಡಿಯುತ್ತ ಹೋದರೆ ರಟ್ಟು ತಾನೇ ಆ ಆಕಾರಕ್ಕೆ ಕತ್ತರಿಸಿಕೊಳ್ಳುತ್ತದೆ. ಅದನ್ನು ಎಣ್ಣೆಯಲ್ಲಿ ನೆನೆಸಿ ಕೂರಿಸಿದೆ. ಮೇಲೆ ನಿಂತಿತು, ಕೆಳಗೆ ಶುರುವಾಯಿತು. ಚೇಂಬರ್ ಇಳಿಸಿದೆ. ನಾನೇ ಬಾಗಿಸಿದ ಅಂಚನ್ನು ಹಾಸುಗಲ್ಲಿನ ಮೇಲೆ ಬೋರಲು ಹಾಕಿ, ಮರದ ತುಂಡಿಟ್ಟು ತಟ್ಟಿ ತಟ್ಟಿ ಸಪಾಟು ಮಾಡಿ, ಹೊಸ ರಟ್ಟು ಕೊಟ್ಟು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಅಲ್ಲಿ ನಿಂತಿತು, ಹಿಂದಿನ ಸೀಲಿನಿಂದ ಬರತೊಡಗಿತು. ನಾಲ್ಕು ದಿನ ಹೀಗೇ ಹೋಯಿತು. ಇತ್ತ ಮುಚ್ಚಿದರೆ ಅತ್ತ, ಅತ್ತ ಮುಚ್ಚಿದರೆ ಇತ್ತ. ಐದನೆಯ ದಿನ ಪಾನಾವನ್ನು ಗೋಡೆಗೆ ಎಸೆದೆ. ಗೋಡೆಯ ಗಾರೆ ಕಿತ್ತು ಬಂತು.

ಸಿಟ್ಟಿನಲ್ಲೇ ಓಡುತ್ತಿದ್ದ ಎಂಜಿನ್ನಿನಿಂದ ಕಡ್ಡಿ ಎಳೆದೆ. ಆ ತೂತಿನಿಂದ ಬಿಸಿ ಹೊಗೆ ಭುಸ್ಸೆಂದು ಮುಖಕ್ಕೆ ಹೊಡೆಯಿತು, ಎಣ್ಣೆಯ ಹನಿ ಕಣ್ಣಿಗೆ ಸಿಡಿಯಿತು. ಕಣ್ಣೊರೆಸಿಕೊಳ್ಳುತ್ತ ನಿಂತೆ. ಇಷ್ಟು ಒತ್ತಡ ಒಳಗೆ ಯಾಕೆ? ಸವೆದ ಎಂಜಿನ್ನಿನಲ್ಲಿ ಪಿಸ್ಟನ್ನಿನ ಪಕ್ಕದಿಂದ ಹೊಗೆ ಕೆಳಗೆ ನುಸುಳುವುದು ಇದ್ದದ್ದೇ. ಅದು ಎಲ್ಲಾದರೂ ಹೊರಗೆ ಹೋಗಬೇಕು. ಹೋಗಲು ಇದ್ದದ್ದು ಒಂದೇ ದಾರಿ, ಎಣ್ಣೆ ಹೊಯ್ಯುವ ಆ ಕೊಳವೆ. ಹಾರಿಹೋದ ಮುಚ್ಚಳಕ್ಕೂ ಅದಕ್ಕೆಂದೇ ಸಣ್ಣ ತೂತುಗಳಿದ್ದವು. ಅದರ ಬಾಯಿಗೆ ಕೌದಿಯ ನಾಲ್ಕು ಮಡಿಕೆ, ಹುರಿಯ ಮೂರು ಸುತ್ತು. ಹುರಿ ಕತ್ತರಿಸಿ ತುಂಡನ್ನು ಕಿತ್ತೆ. ಎಣ್ಣೆ, ಧೂಳು ಕುಡಿದು ಕುಡಿದು ಅದು ಅರಿವೆಯಾಗಿ ಉಳಿದಿರಲಿಲ್ಲ, ಚಪ್ಪಲಿಯ ತೊಗಲಾಗಿತ್ತು. ಬಾಯಿಗೆ ಹಚ್ಚಿ ಊದಿದೆ. ಉಸಿರು ಆಚೆ ಹೋಗಲಿಲ್ಲ. ದಾರಿ ಸಿಗದ ಹೊಗೆ ಸಿಕ್ಕ ಸಿಕ್ಕ ಸಂದಿಯಿಂದ ಎಣ್ಣೆಯನ್ನು ಹೊರದಬ್ಬುತ್ತಿತ್ತು. ಇಷ್ಟು ದಿನ ಎಣ್ಣೆ ಕದ್ದ ಕೈ ನನ್ನದೇ.

ಕೌದಿ ಎಸೆದು ತೆಳು ಅರಿವೆಯನ್ನು ಸಡಿಲವಾಗಿ ಸುತ್ತಿದೆ. ಜಹೀರಾಬಾದಿಗೆ ಹೋಗಿ ಬಂದೆ. ನನ್ನ ಬಿಳಿ ಧೋತರವನ್ನು ಕಲ್ಲಿನ ಮೇಲೆ ಹಾಸಿ ಅದರ ಮೇಲೆ ಮೋಟಾರು ನಿಲ್ಲಿಸಿದೆ. ಮರುದಿನ ನೋಡಿದರೆ ಎರಡೇ ಎರಡು ಹನಿ. ಹಳೆಯ ಗಾಡಿಗೆ ಎರಡು ಹನಿ ಲೆಕ್ಕವೇ ಅಲ್ಲ. ಕಡ್ಡಿ ಗೆರೆಯ ಮೇಲಿತ್ತು. ಸಾಹುಕಾರನನ್ನೂ ಆಯಿಯನ್ನೂ ಕರೆದು ಕೌದಿಯ ತುಂಡನ್ನು ಮುಂದಿಟ್ಟು ಎಲ್ಲ ಹೇಳಿದೆ. ಖಾಲಿ ಡಬ್ಬಿಯ ಮಾತನ್ನೂ ಹೇಳಿದೆ.

ಆಯಿ ಅಲ್ಲೇ ಕುಸಿದು ಕೂತರು. "ನಂದ ತಪ್ಪಾತು. ಅವನಿಗಿ ಕರಸೋ. ನಾನೇ ಹೇಳ್ತೀನಿ," ಎಂದರು.

ಸಾಹುಕಾರ ಧೋತರದ ಮೇಲಿನ ಎರಡು ಹನಿಗಳನ್ನು ಬಗ್ಗಿ ನೋಡಿದ. "ಸುಮ್ಮ ಕೂಡವ್ವಾ. ಮುಗದ ಮಾತದು. ಸಂತ್ಯಾಗ ಕಳ್ಳ ಅಂದಂವ, ಅದೇ ಸಂತ್ಯಾಗ ಅಲ್ಲ ಅನ್ಲೇನು? ನಾಳಿ ನನ್ನ ಮಾತಿಗಿ ಯಾರ್ ಬೆಲಿ ಕೊಡ್ತಾರ?" ಆಮೇಲೆ ನನಗೆ, "ನೀ ಕಳ್ಳ ಅಲ್ಲಂತ ತಿಳೀತಲ್ಲ. ಗಾಡಿ ಹೊಡಿ, ಹೋಗು."

ನನ್ನ ಬಾಯಿಂದ ಏನೇನು ಬಂತೋ ಎಲ್ಲ ಬರೆಯಲಾರೆ. "ನಿಮ್ಮ ಹಣಿ ಮ್ಯಾಲಿನ ಇಬತ್ತಿ ಎಂಜಿನ್ನಿಗಿ ಹಾಕಿದ್ದೇ ಛಲೋ ಆತು, ಅಲ್ಲೇ ಅದು ಖರೇ ತೋರಸ್ತದ," ಎಂದದ್ದು ನೆನಪಿದೆ. ಅದನ್ನಂತೂ ವಾಪಸು ತೆಗೆದುಕೊಳ್ಳುವುದಿಲ್ಲ.

ಕೆಲಸ ಬಿಟ್ಟು, ಜಹೀರಾಬಾದಿನಲ್ಲಿ ರೈಲು ಹತ್ತಿ, ವಿಕಾರಾಬಾದಿನಲ್ಲಿ ಬದಲಿಸಿ ತಾಂಡೂರಿಗೆ ಹೋದೆ. ಉಸ್ತಾದರು ಕಲ್ಲಿನ ಗಣಿಯಲ್ಲಿ ಸಿಕ್ಕರು. ಹಾಸುಗಲ್ಲುಗಳನ್ನು ಎತ್ತಿ ಎತ್ತಿನ ಗಾಡಿಗೆ ಹೇರುತ್ತಿದ್ದರು. ಕೈ ಮೊಳಕೈವರೆಗೆ ಕಲ್ಲಿನ ಪುಡಿ, ಬೆರಳ ತುದಿಗಳು ಒಡೆದಿದ್ದವು. ಆ ಬೆರಳಿನಿಂದ ಮುಟ್ಟಿ ಎಂಜಿನ್ನಿನ ಬಿಸಿ ಎಷ್ಟೆಂದು ಹೇಳುತ್ತಿದ್ದ ಮನುಷ್ಯ. ನಾನು ಕೌದಿಯ ಕತೆಯನ್ನೆಲ್ಲ ಹೇಳಿದೆ. ಕೇಳುತ್ತ ಅವರ ಕಣ್ಣು ಅರಳಿದವು, ಮಿಸ್ತ್ರಿಯ ಕಣ್ಣು.

"ಅರೆರೆ! ಉಸಿರು ಕಟ್ಟಿತ್ತು ಅದಕ್ಕ. ನಾನೇ ಒಂದ್ ದಿನ ಆ ಅರಿಬಿ ಬಿಚ್ಚಿ ನೋಡಬೇಕಿತ್ತು," ಎಂದರು.

"ತಪ್ಪು ನಂದ್ರಿ ಉಸ್ತಾದ್," ಎಂದು ಕಾಲಿಗೆ ಬಗ್ಗಿದೆ. ಅವರು ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

"ಅರಿಬಿ ಮಾತು ಬಿಡು. ಅದು ಯಾರಿಗೂ ಗೊತ್ತಿದ್ದಿಲ್ಲ. ಡಬ್ಬಿ ಖಾಲಿ ಇತ್ತಂತ ನಿನಗ ಗೊತ್ತಿತ್ತು."

ನಾನು ಬಗ್ಗಿದಲ್ಲೇ ಅಳತೊಡಗಿದೆ.

"ಇಲ್ಲಿ ಅತ್ತರ ನನಗೇನು ಸಿಗ್ತದ? ಎಲ್ಲಿ ಹೇಳಿದ್ದಿ, ಅಲ್ಲಿ ಹೇಳು," ಎಂದರು.

ಮುಂದಿನ ಸಂತೆಗೆ ಅವರು ನಾರಾಯಣಖೇಡಕ್ಕೆ ಬಂದರು. ತೊಳೆದ ಅಂಗಿ ಹಾಕಿಕೊಂಡು ಜನರ ಹಿಂದೆ ನಿಂತರು. ನಾನು ಸಾಹುಕಾರನ ಅಂಗಡಿಯ ಕಟ್ಟೆ ಹತ್ತಿದೆ. ಎಣ್ಣೆ ಸೋರಿದ್ದು ನಾನು ಕಟ್ಟಿದ ಅರಿವೆಯಿಂದ, ಉಸ್ತಾದ್ ಒಯ್ದ ಡಬ್ಬಿ ಖಾಲಿ ಇತ್ತು, ನಾನೇ ತೊಳೆದು ಕೊಟ್ಟಿದ್ದೆ, ಅವರ ಕೆಲಸ ನನಗೆ ಸಿಗಲೆಂದು ಸುಮ್ಮನಿದ್ದೆ, ಎಂದು ಕೂಗಿ ಹೇಳಿದೆ. ಆಯಿಯ ಹೆಸರು ತೆಗೆಯಲಿಲ್ಲ. ಸಾಹುಕಾರ ನನ್ನ ರಟ್ಟೆ ಹಿಡಿದು ಕಟ್ಟೆಯಿಂದ ಎಳೆದು ಹಾಕಿದ. ಯಾರೋ ಮುಖಕ್ಕೆ ಉಗುಳಿದರು. ಅವತ್ತು ನಕ್ಕಿದ್ದವರೇ ಈಗ ಉಸ್ತಾದರ ಕೈ ಹಿಡಿದು "ನಮಗ ಮೊದಲೇ ಗೊತ್ತಿತ್ತು," ಎನ್ನುತ್ತಿದ್ದರು. ಎಂಥ ಜನ! ಉಸ್ತಾದರು ಅವರ ಕೈ ಬಿಡಿಸಿಕೊಂಡು, ನನ್ನ ಕಡೆ ನೋಡದೆ ಬಸ್ಸು ಹತ್ತಿದರು.

ನಾನು ಜಹೀರಾಬಾದಿನಲ್ಲಿ ಬಾಡಿಗೆ ಲಾರಿ ಓಡಿಸತೊಡಗಿದೆ. ಅವರಿಗೆ ತಾಂಡೂರಿನಲ್ಲೇ ಲಾರಿ ಸಿಕ್ಕಿತೆಂದು ಕೇಳಿದೆ. ಎರಡು ವರ್ಷದ ಮೇಲೆ ಬಶೀರಾಬಾದಿನ ದಾರಿಯಲ್ಲಿ ನನ್ನ ಲಾರಿ ಎಣ್ಣೆ ಕಾರಿ ನಿಂತಿತು. ಮಧ್ಯಾಹ್ನದ ಬಿಸಿಲು, ಸುತ್ತ ಒಂದು ಮರವಿಲ್ಲ. ಎದುರಿನಿಂದ ಕಲ್ಲು ಹೇರಿದ ಲಾರಿ ಬಂದು ನಿಂತಿತು, ಉಸ್ತಾದರು ಇಳಿದರು. ನಾನು "ಉಸ್ತಾದ್" ಎಂದೆ. ಅವರು ನನ್ನನ್ನು ದಾಟಿ ಹೋಗಿ ಲಾರಿಯ ಕೆಳಗೆ ಮಲಗಿದರು. ಒರೆಸಿದರು, ಬೆರಳಿನಿಂದ ಮುಟ್ಟಿ ಮುಟ್ಟಿ ಹುಡುಕಿದರು, ಒಡೆದ ನಳಿಕೆಗೆ ತೊಗಲು ಸುತ್ತಿ ತಂತಿ ಬಿಗಿದರು. ತಮ್ಮ ಡಬ್ಬಿಯಿಂದ ಎಣ್ಣೆ ಹಾಕಿ, ಕಡ್ಡಿ ಎಳೆದು ನೋಡಿ, ನನ್ನ ಕೈಗೆ ಕೊಟ್ಟರು. ಕೈ ಒರೆಸಿಕೊಂಡು ತಮ್ಮ ಲಾರಿ ಹತ್ತಿ ಹೋದರು. ಒಂದು ಮಾತಿಲ್ಲ. ನಿಂತು ಒಮ್ಮೆ ಹಲ್ಕಟ್ ಎಂದಿದ್ದರೆ, ನಾನೂ ಎದುರು ನಾಲ್ಕು ಮಾತಾಡಿ ನನ್ನ ಮೇಲೆ ನನಗಿದ್ದ ಸಿಟ್ಟನ್ನು ಅವರ ಮೇಲೆ ಹಾಕಿಬಿಡುತ್ತಿದ್ದೆ. ಅವರು ಬೈಯಲೇ ಇಲ್ಲ.